ಒಂದು ಶಂಖ ಮುಖಗಳು, ನೂರು ಸೆಕೆಂಡಿನ ಗುರುತು

2023ರ ಮೊದಲ ಒಂಬತ್ತು ತಿಂಗಳಲ್ಲಿ ರೋಬ್ಲಾಕ್ಸ್ ಎಂಬ ಒಂದೇ ಆಟದ ತಾಣದಲ್ಲಿ ಜನ ತಮ್ಮ ಅವತಾರದ ಚಹರೆ ಬದಲಿಸಿದ್ದು 16,500 ಕೋಟಿ ಸಲ. ಟೋಪಿ ತೆಗೆದದ್ದು, ಕೂದಲಿಗೆ ನೀಲಿ ಬಳಿದದ್ದು, ಅಂಗಿ ತೊಟ್ಟು ಬೇಡವೆನಿಸಿ ಕಳಚಿದ್ದು, ಎಲ್ಲವೂ ಸೇರಿ. ಲೆಕ್ಕ ಕಂಪನಿಯೇ ಪ್ರಕಟಿಸಿದ್ದು. ಸೊನ್ನೆಗಳು ಹೆಚ್ಚಾದಂತೆ ಅಂಕಿಗೆ ಅರ್ಥ ಕಡಿಮೆಯಾಗುತ್ತದೆ, ಹಾಗಾಗಿ ಇದನ್ನು ಒಡೆದೇ ನೋಡಬೇಕು. 273 ದಿನಕ್ಕೆ ಹಂಚಿದರೆ ದಿನಕ್ಕೆ 60 ಕೋಟಿ ಬದಲಾವಣೆ. ಸೆಕೆಂಡಿಗೆ ಹಂಚಿದರೆ 7,000. ಹಗಲೂ ರಾತ್ರಿ, ಒಂದು ಗಳಿಗೆಯೂ ಬಿಡದೆ, ಪ್ರತಿ ಸೆಕೆಂಡಿಗೆ ಏಳು ಸಾವಿರ ಬೊಂಬೆಗಳು ವೇಷ ಬದಲಿಸುತ್ತಿದ್ದವು.

ಆಗ ಆ ತಾಣಕ್ಕೆ ದಿನಕ್ಕೆ ಬರುತ್ತಿದ್ದವರು 7 ಕೋಟಿಯ ಆಸುಪಾಸು. ತಲೆಗೆ ಎಂಟೊಂಬತ್ತು ವೇಷ ಬಂತು, ಅದೂ ಪ್ರತಿದಿನ. ಅದೇ ಒಂಬತ್ತು ತಿಂಗಳಲ್ಲಿ ಅವರು ಕೊಂಡ ಉಡುಪು, ಒಡವೆ, ಕೂದಲು, ರೆಕ್ಕೆ ಇತ್ಯಾದಿಗಳ ಸಂಖ್ಯೆ ಸುಮಾರು 160 ಕೋಟಿ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸಿಗುವ ಉತ್ತರ ನನಗೆ ಮೂಲ ಅಂಕಿಗಿಂತಲೂ ಹೆಚ್ಚು ಹಿಡಿಸಿತು: ಕೊಳ್ಳುವುದು ಒಂದು ಸಲ, ಹಾಕಿ ತೆಗೆದು ನೋಡುವುದು ನೂರು ಸಲ. ಈ ವ್ಯಾಪಾರವೆಲ್ಲ ನಿಂತಿರುವುದು ಆ ನೂರು ಸಲದ ಮೇಲೆ. ಪರದೆಯ ಮೇಲೆ ತನ್ನನ್ನು ತಾನು ಹೇಗೆ ನಿಲ್ಲಿಸಿಕೊಳ್ಳಲಿ ಎಂಬ ಚಿಂತೆಗೆ ಕೊನೆಯೇ ಇಲ್ಲ ಎಂದು ಅಂಗಡಿಯವನಿಗೆ ಚೆನ್ನಾಗಿ ಗೊತ್ತು.

ಈ ಚಿಂತೆ ಶುರುವಾದಾಗ ಅದರ ಅಳತೆ ತೀರಾ ಚಿಕ್ಕದಿತ್ತು. 1980ರ ದಶಕದ ನಡುವೆ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನಲ್ಲಿ ಚಿಪ್ ಮಾರ್ನಿಂಗ್‌ಸ್ಟಾರ್, ರಾಂಡಿ ಫಾರ್ಮರ್ ಮತ್ತವರ ಸಂಗಡಿಗರು ಹ್ಯಾಬಿಟಾಟ್ ಎಂಬ ಆನ್‌ಲೈನ್ ಊರೊಂದನ್ನು ಕಟ್ಟಿದರು. ಆ ಊರಿನೊಳಗೆ ನಡೆದಾಡುವ ಬೊಂಬೆಗೆ ಅವತಾರ ಎಂಬ ಹೆಸರನ್ನು ಅಂಟಿಸಿದವರಲ್ಲಿ ಅವರು ಮೊದಲಿಗರು. ಊರಿಗೆ ಬಾಗಿಲು ಕಮೋಡರ್ 64 ಎಂಬ ಮನೆಬಳಕೆಯ ಕಂಪ್ಯೂಟರು. ಅದರ ಒಟ್ಟು ನೆನಪು 64 ಕಿಲೋಬೈಟ್, ಅಂದರೆ ಇಂದು ಫೋನಿನಲ್ಲಿ ತೆಗೆದ ಒಂದು ಫೋಟೊಗೂ ಅಲ್ಲಿ ಜಾಗವಿಲ್ಲ. ದೂರವಾಣಿ ತಂತಿಯ ಮೇಲೆ ಸೆಕೆಂಡಿಗೆ 300 ಬಿಟ್ ಹರಿಯುತ್ತಿತ್ತು. ಆ ವೇಗದಲ್ಲಿ ಮೂರು ಮೆಗಾಬೈಟಿನ ಸೆಲ್ಫಿಯೊಂದನ್ನು ಕಳಿಸಲು ಹೊರಟರೆ 22 ಗಂಟೆ ಬೇಕು. ಇಷ್ಟರಲ್ಲೇ ಅವರು 20,000 ಅವತಾರಗಳು ಬಾಳುವ ಊರಿಗೆ ನಕ್ಷೆ ಹಾಕಿದ್ದರು. ಹಾಕಿದ ಮೇಲೆ ತಲೆಬಿಸಿ ಶುರುವಾಯಿತು. 20,000 ಮಂದಿಗೆ 20,000 ಮನೆ ಬೇಕು, ಮನೆಗೆ ಬೀದಿ ಬೇಕು, ಬೀದಿಗೆ ತಿರುವು ಬೇಕು, ಒಂದೊಂದೂ ಬೇರೆ ಬೇರೆಯಾಗಿ ಕಾಣಬೇಕು.

ಹ್ಯಾಬಿಟಾಟ್‌ನಲ್ಲಿ ತಲೆಯನ್ನು ಬಿಚ್ಚಿ ಬೇರೆ ತಲೆ ತೊಡಬಹುದಿತ್ತು, ತಲೆಗಳು ಯಂತ್ರದಂಗಡಿಯಲ್ಲಿ ಮಾರಾಟಕ್ಕಿದ್ದವು. ಹುಟ್ಟಿದ ಪ್ರತಿ ಅವತಾರಕ್ಕೆ 2,000 ಟೋಕನ್ ಹಣ, ಆಮೇಲೆ ದಿನಕ್ಕೆ 100. ಒಂದು ಕಡೆಯ ಅಂಗಡಿ ಯಂತ್ರದಲ್ಲಿ 75 ಟೋಕನ್ನಿಗೆ ಸಿಗುತ್ತಿದ್ದ ಗೊಂಬೆಯನ್ನು ಊರಿನ ಇನ್ನೊಂದು ತುದಿಯ ಗಿರವಿ ಯಂತ್ರ 100ಕ್ಕೆ ಕೊಳ್ಳುತ್ತಿತ್ತು. ಬೇರೊಂದು ಕಡೆ 18,000ಕ್ಕೆ ಸಿಗುವ ಹರಳಿನ ಗೋಳಕ್ಕೆ ಗಿರವಿಯಲ್ಲಿ 30,000. ಬೆಲೆ ಬರೆದವರ ಕಣ್ಣು ತಪ್ಪಿತ್ತು. ಕೆಲವು ಜಾಣರು ಸಿಕ್ಕಷ್ಟು ಹಣ ಕೂಡಿಹಾಕಿ ರಾತ್ರಿಯಿಡೀ ಗೊಂಬೆ ಹೊತ್ತು ಆ ತುದಿಗೂ ಈ ತುದಿಗೂ ಓಡಾಡಿದರು, ಗೊಂಬೆಯ ಲಾಭ ಸಾಕಷ್ಟಾದ ಮೇಲೆ ಗೋಳಕ್ಕೆ ಕೈಹಾಕಿದರು. ಬೆಳಗಾಗುವಾಗ ಊರಿನ ಒಟ್ಟು ಹಣ ಐದು ಪಟ್ಟು. ಇದನ್ನು ಮಾರ್ನಿಂಗ್‌ಸ್ಟಾರ್ ಮತ್ತು ಫಾರ್ಮರ್ ತಾವೇ ಆಮೇಲೆ ಬರೆದಿಟ್ಟಿದ್ದಾರೆ. ಅವತಾರಗಳ ಅರ್ಥಶಾಸ್ತ್ರದ ಮೊದಲ ಅಧ್ಯಾಯ ಅದು ಎನ್ನಬಹುದು. ಮುಂದಿನ ಅಧ್ಯಾಯಗಳಲ್ಲೂ ಜಾಣರು ಕಡಿಮೆಯಾಗಲಿಲ್ಲ.

ಇಪ್ಪತ್ತು ವರ್ಷ ಮುಂದೆ ಬನ್ನಿ. 2006ರಲ್ಲಿ ನಿಂಟೆಂಡೊ ಕಂಪನಿಯ ವೀ ಎಂಬ ಆಟದ ಯಂತ್ರ ಮೀ ಎಂಬ ದುಂಡುತಲೆಯ ಬೊಂಬೆಗಳನ್ನು ಕೋಣೆ ಕೋಣೆಗೆ ತಂದಿತು. ಅಜ್ಜಿಯ ಮೀ, ಮೊಮ್ಮಗನ ಮೀ, ಎದುರುಮನೆಯವರ ಮೀ. ಒಂದು ಯಂತ್ರದಲ್ಲಿ 100 ಮೀಗಳಿಗೆ ಜಾಗ. ಮಾರಾಟವಾದ ಯಂತ್ರಗಳು 10 ಕೋಟಿ 16 ಲಕ್ಷ. ಎಲ್ಲವನ್ನೂ ತುಂಬಿದ್ದರೆ ಸಾವಿರ ಕೋಟಿ ಮೀಗಳು, ಆಗಿನ ಭೂಮಿಯ ಜನಸಂಖ್ಯೆಗಿಂತ ಮುನ್ನೂರು ಕೋಟಿಗೂ ಹೆಚ್ಚು. ಯಾರೂ ತುಂಬಲಿಲ್ಲ ಬಿಡಿ. ಆದರೆ ಮನುಷ್ಯಕುಲದ ಪ್ರತಿಯೊಬ್ಬರಿಗೂ ಒಂದೊಂದು ಬೊಂಬೆ ಮಾಡಿ, ಉಳಿದ ಜಾಗದಲ್ಲಿ ಸತ್ತವರಲ್ಲಿ ಒಂದಷ್ಟು ಮಂದಿಗೂ ಮಾಡುವಷ್ಟು ಕಪಾಟು ಟೀವಿಗಳ ಕೆಳಗೆ ಸಿದ್ಧವಾಗಿತ್ತು.

2021ರಲ್ಲಿ ಫೇಸ್‌ಬುಕ್, ಆಗಿನ್ನೂ ಅದು ಮೆಟಾ ಆಗಿರಲಿಲ್ಲ, ಕಣ್ಣಿಗೆ ಕಟ್ಟಿಕೊಂಡು ಆಡುವ ತನ್ನ ಆಕ್ಯುಲಸ್ ಹೆಡ್‌ಸೆಟ್‌ಗಳಿಗೆ ಹೊಸ ಅವತಾರಗಳನ್ನು ತಂದಾಗ ಜಾಹೀರು ಮಾಡಿದ ಸಂಖ್ಯೆ ಒಂದರ ಮುಂದೆ 18 ಸೊನ್ನೆ. ಅಷ್ಟು ಬಗೆಯ ಮುಖಗಳನ್ನು ಇದರಲ್ಲಿ ಮಾಡಿಕೊಳ್ಳಬಹುದು ಎಂದರು. ನಮ್ಮಲ್ಲಿ ಆ ಸಂಖ್ಯೆಗೆ ಹನ್ನೊಂದು ಶತಮಾನ ಹಳೆಯ ಹೆಸರಿದೆ. ರಾಷ್ಟ್ರಕೂಟ ಅಮೋಘವರ್ಷನ ಆಶ್ರಯದ ಕಾಲದ ಗಣಿತಜ್ಞ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಏಕದಿಂದ ಹಿಡಿದು 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಹತ್ತೊಂಬತ್ತನೆಯದು ಶಂಖ. ಅಮೆರಿಕದ ಕಂಪನಿ ಹೇಳಿದ್ದು ಸರಿಯಾಗಿ ಒಂದು ಶಂಖ.

ಶಂಖವೆಂದರೆ ಎಷ್ಟು? ಸೆಕೆಂಡಿಗೊಂದರಂತೆ ಮುಖ ಬದಲಿಸುತ್ತ ಕೂತರೆ ಮುಗಿಸಲು 3,170 ಕೋಟಿ ವರ್ಷ ಬೇಕು. ವಿಶ್ವಕ್ಕೆ ಈಗ 1,380 ಕೋಟಿ ವರ್ಷ. ಕೆಲಸವನ್ನು 800 ಕೋಟಿ ಜನರಿಗೆ ಹಂಚಿದರೂ ಒಬ್ಬೊಬ್ಬರ ಪಾಲಿಗೆ ಹನ್ನೆರಡೂವರೆ ಕೋಟಿ ಮುಖ ಬರುತ್ತದೆ. ನಿದ್ದೆ ಊಟ ಬಿಟ್ಟು ನೋಡಿದರೆ ನಾಲ್ಕು ವರ್ಷದ ದುಡಿಮೆ.

ಇಷ್ಟು ದೊಡ್ಡ ಸಂಖ್ಯೆಗೆ ಬೇಕಾದ ಬಂಡವಾಳ ಎಷ್ಟು ಸಣ್ಣದೆಂಬುದು ಇದರ ಗುಟ್ಟು. ಮಹಾವೀರಾಚಾರ್ಯನೇ ಇದಕ್ಕೂ ದಾರಿ ತೋರಿಸಿದ್ದಾನೆ. ಇಷ್ಟು ವಸ್ತುಗಳಿಂದ ಇಷ್ಟನ್ನು ಆರಿಸುವ ಬಗೆಗಳೆಷ್ಟು ಎಂಬುದಕ್ಕೆ ಸಾಮಾನ್ಯ ಸೂತ್ರ ಕೊಟ್ಟವರಲ್ಲಿ ಅವನು ಬಹಳ ಮುಂಚಿನವನು. ಅವನ ಉದಾಹರಣೆ ಆರು ರುಚಿಗಳದ್ದು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ, ಇವನ್ನು ಒಂಟಿಯಾಗಿ, ಜೋಡಿಯಾಗಿ, ಮೂರು ಮೂರಾಗಿ ಬೆರೆಸುತ್ತ ಹೋದರೆ ಎಷ್ಟು ಬಗೆ? 63. ಅವತಾರದ ಲೆಕ್ಕ ಇದರ ಮುಂದುವರಿಕೆ, ಕೂಡಿಸುವ ಬದಲು ಗುಣಿಸಬೇಕು ಅಷ್ಟೆ. ಕೂದಲಿಗೆ ಹತ್ತು ಬಗೆ, ಹುಬ್ಬಿಗೆ ಹತ್ತು, ಮೂಗಿಗೆ ಹತ್ತು, ಹೀಗೆ 18 ಅಂಗ, ತೊಡುಗೆಗಳಿಗೆ ಹತ್ತತ್ತು ಬಗೆ ಮಾಡಿದರೆ ಹತ್ತನ್ನು ಹದಿನೆಂಟು ಸಲ ಗುಣಿಸಿದಂತೆ, ಒಂದು ಶಂಖ ಸಿದ್ಧ. ಕಲಾವಿದ ಬಿಡಿಸಬೇಕಾದ ಚೂರುಗಳು ಬರೀ 180. ಒಂದು ವಾರ ಒಂದಿಷ್ಟು ಜನರನ್ನು ಕೂರಿಸಿದರೆ ಮುಗಿಯುವ ಕೆಲಸಕ್ಕೆ ವಿಶ್ವದ ಆಯುಸ್ಸನ್ನು ಮೀರಿದ ಫಲ. ಜಾಹೀರಾತಿನವರಿಗೆ ಇಷ್ಟು ಅಗ್ಗದಲ್ಲಿ ಇಷ್ಟು ಸೊನ್ನೆ ಇನ್ನೆಲ್ಲೂ ಸಿಗುವುದಿಲ್ಲ. ಅದೇ ಕಂಪನಿ 2022ರ ಡಿಸೆಂಬರಿನಲ್ಲಿ ಅವತಾರಗಳನ್ನು ವಾಟ್ಸಾಪಿಗೂ ತಂದಿತು. ಕೋಟಿ ಕೋಟಿ ಜೋಡಣೆಗಳಿಂದ ನಿಮ್ಮದೊಂದನ್ನು ಆರಿಸಿ ಮುಗಿಸಿದ ಮೇಲೆ ಕೈಗೆ ಬರುತ್ತಿದ್ದದ್ದು 36 ಸ್ಟಿಕ್ಕರು.

ಸಂಖ್ಯೆ ಹೀಗೆ ಅಗ್ಗವಾದ ಕೂಡಲೇ ಹಣ ತಿರುಗಿದ್ದು ಎದುರು ದಿಕ್ಕಿಗೆ, ಕೊರತೆಯ ಕಡೆಗೆ. 2017ರ ಜೂನಿನಲ್ಲಿ ಮ್ಯಾಟ್ ಹಾಲ್, ಜಾನ್ ವಾಟ್ಕಿನ್ಸನ್ ಎಂಬಿಬ್ಬರು ತಮ್ಮ ಲಾರ್ವಾ ಲ್ಯಾಬ್ಸ್‌ನಿಂದ ಕ್ರಿಪ್ಟೊಪಂಕ್ಸ್ ಎಂಬ 10,000 ಮುಖಗಳನ್ನು ಬಿಟ್ಟರು. ಒಂದೊಂದರ ಅಳತೆ ಅಡ್ಡ 24 ಚುಕ್ಕಿ, ಉದ್ದ 24 ಚುಕ್ಕಿ, ಒಟ್ಟು 576. ಆ 576 ಚೌಕಗಳಲ್ಲಿ ಪ್ರತಿಯೊಂದನ್ನೂ ಬರೀ ಕಪ್ಪು ಅಥವಾ ಬಿಳಿ ಮಾಡುತ್ತ ಹೋದರೂ ಆಗಬಹುದಾದ ಚಿತ್ರಗಳ ಸಂಖ್ಯೆಯನ್ನು ಬರೆಯಲು 174 ಅಂಕಿ ಬೇಕು. ಕಾಣುವ ವಿಶ್ವದ ಪರಮಾಣುಗಳನ್ನೆಲ್ಲ ಎಣಿಸಿದರೆ ಎಂಬತ್ತೊಂದು ಅಂಕಿಯ ಸುತ್ತಮುತ್ತ ನಿಲ್ಲುತ್ತದೆ. ಮಹಾವೀರಾಚಾರ್ಯನ 24 ಸ್ಥಾನಗಳು ಇಲ್ಲಿ ಹೊಸ್ತಿಲಲ್ಲೇ ಮುಗಿದುಹೋಗುತ್ತವೆ. ಈ ಸಾಗರದಿಂದ ಇಬ್ಬರು ಮೊಗೆದದ್ದು ಹತ್ತು ಸಾವಿರ, ಇನ್ನು ಮುಂದೆ ಒಂದೂ ಇಲ್ಲ ಎಂದು ಬೀಗ ಹಾಕಿದರು. ಒಂದು ಸಾವಿರ ತಮಗಿಟ್ಟುಕೊಂಡು ಒಂಬತ್ತು ಸಾವಿರವನ್ನು ಕೇಳಿದವರಿಗೆ ಪುಕ್ಕಟೆ ಕೊಟ್ಟರು.

ಹತ್ತು ಸಾವಿರದಲ್ಲಿ ಸತ್ತು ಎದ್ದವರಂತಿರುವ ಜೊಂಬಿ ಮುಖಗಳು 88, ಕಪಿಮುಖ 24, ಅನ್ಯಗ್ರಹದವರದ್ದು 9. ಆ ಒಂಬತ್ತರಲ್ಲಿ ಒಂದು, 5822ನೆಯ ಸಂಖ್ಯೆಯದು, 2022ರ ಫೆಬ್ರುವರಿಯಲ್ಲಿ ಈಥರ್ ಎಂಬ ಡಿಜಿಟಲ್ ಹಣದಲ್ಲಿ 8,000ಕ್ಕೆ ಮಾರಾಟವಾಯಿತು. ಅಂದಿನ ಬೆಲೆಯಲ್ಲಿ 2 ಕೋಟಿ 37 ಲಕ್ಷ ಡಾಲರ್, ಸುಮಾರು 178 ಕೋಟಿ ರೂಪಾಯಿ. ಭಾಗಿಸಿ ನೋಡಿ: ಒಂದು ಚುಕ್ಕಿಗೆ 31 ಲಕ್ಷ ರೂಪಾಯಿ. ಬರೀ ಹಿನ್ನೆಲೆಯ ಬಣ್ಣವಾಗಿ ಕೂತಿರುವ ಚುಕ್ಕಿಗೂ ಅದೇ ದರ. ಆ ಮುಖವನ್ನು ಯಾರು ಬೇಕಾದರೂ ಬಲಗುಂಡಿ ಒತ್ತಿ ನಕಲಿಳಿಸಿ ತನ್ನ ಪ್ರೊಫೈಲಿಗೆ ಹಾಕಿಕೊಳ್ಳಬಹುದಿತ್ತು, ಒಂದು ಚುಕ್ಕಿಯೂ ವ್ಯತ್ಯಾಸವಾಗುತ್ತಿರಲಿಲ್ಲ. 178 ಕೋಟಿ ಕೊಟ್ಟವನಿಗೆ ದಕ್ಕಿದ್ದು ಒಂದು ದಾಖಲೆ ಪುಸ್ತಕದಲ್ಲಿ ಇದು ನನ್ನದು ಎಂಬ ಸಾಲು. ಆ ವರ್ಷವೇ ಈ ಮಾರುಕಟ್ಟೆ ಮುಗ್ಗರಿಸಿತು. ನನಗೆ ಅದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ, ಅಲ್ಲಿಯವರೆಗೆ ನಿಂತಿತ್ತಲ್ಲ ಎಂಬುದೇ ಅಚ್ಚರಿ.

ಇದೇ ಕಾಯಿಲೆಯ ಸೌಮ್ಯ ರೂಪ ರೋಬ್ಲಾಕ್ಸ್‌ನಲ್ಲೂ ಕಂಡಿತ್ತು. 2021ರ ಮೇ ತಿಂಗಳಲ್ಲಿ ಗುಚ್ಚಿ ಕಂಪನಿ ಅಲ್ಲಿ ಕೆಲವೇ ಹೊತ್ತು ಒಂದು ಕೈಚೀಲ ಮಾರಿತು, ಬೆಲೆ ಆ ತಾಣದ ಹಣದಲ್ಲಿ 475 ರೋಬಕ್ಸ್, ಆರು ಡಾಲರಿನ ಆಸುಪಾಸು. ಅಂಗಡಿ ಮುಚ್ಚಿದ ಮೇಲೆ ಕೈಯಿಂದ ಕೈಗೆ ಹೋಗುತ್ತ ಒಂದು ಚೀಲದ ಬೆಲೆ 3,50,000 ರೋಬಕ್ಸ್ ಮುಟ್ಟಿತು, ಡಾಲರಿನಲ್ಲಿ 4,115. ತೊಗಲಿನ ನಿಜವಾದ ಚೀಲವೇ 3,400 ಡಾಲರಿಗೆ ಸಿಗುತ್ತಿತ್ತು. ಆಟದ ಚೀಲದಲ್ಲಿ ಏನನ್ನೂ ಇಡಲಾಗದು, ಆ ತಾಣದಿಂದ ಹೊರಗೆ ತರಲೂ ಆಗದು. ಬೊಂಬೆಗೆ ವೇಷ ತೊಡಿಸಿ ಹಣ ಮಾಡುವುದರಲ್ಲಿ ದೊಡ್ಡಣ್ಣ ಫೋರ್ಟ್‌ನೈಟ್. ಆಡಲು ಬಿಟ್ಟಿ, ಕೊಳ್ಳುವ ವೇಷದಿಂದ ಆಟಗಾರನ ಬಲ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಹಾಗಿದ್ದೂ 2018 ಮತ್ತು 2019, ಎರಡೇ ವರ್ಷದಲ್ಲಿ ಆ ಆಟ ತಂದುಕೊಟ್ಟ ವರಮಾನ 900 ಕೋಟಿ ಡಾಲರ್ ದಾಟಿತ್ತು. ಆಪಲ್ ಜೊತೆಗಿನ ಕೋರ್ಟು ಜಗಳದಲ್ಲಿ ಈ ಲೆಕ್ಕ ಹೊರಬಿತ್ತು, ಇಲ್ಲವಾದರೆ ನಮಗೆಲ್ಲಿ ತಿಳಿಯಬೇಕು.

ಅದೇ ಫೋರ್ಟ್‌ನೈಟ್‌ನಲ್ಲಿ 2020ರ ಏಪ್ರಿಲ್‌ನಲ್ಲಿ, ಜಗತ್ತೆಲ್ಲ ಮನೆಯೊಳಗೆ ಬಾಗಿಲು ಹಾಕಿಕೊಂಡಿದ್ದಾಗ, ರ‍್ಯಾಪ್ ಹಾಡುಗಾರ ಟ್ರಾವಿಸ್ ಸ್ಕಾಟ್‌ನ ಬೃಹದಾಕಾರದ ಅವತಾರ ಬೆಟ್ಟದೆತ್ತರ ನಿಂತು ಹಾಡಿತು. ಮೊದಲ ಪ್ರದರ್ಶನಕ್ಕೆ ಒಂದೇ ಹೊತ್ತಿಗೆ ಬಂದ ಅವತಾರಗಳು 1 ಕೋಟಿ 23 ಲಕ್ಷ. ಆಟದ ಒಂದು ಅಂಗಳಕ್ಕೆ ಹೆಚ್ಚೆಂದರೆ ನೂರು ಮಂದಿ ಹಿಡಿಸುತ್ತಾರೆ. ಹಾಗಾದರೆ ಕಂಪ್ಯೂಟರುಗಳು ಅದೇ ಬಯಲನ್ನು, ಅದೇ ಆಕಾಶವನ್ನು, ಅದೇ ಹಾಡುಗಾರನನ್ನು ಕನಿಷ್ಠ 1 ಲಕ್ಷ 23 ಸಾವಿರ ಪ್ರತಿಗಳಾಗಿ ಒಟ್ಟಿಗೇ ನಡೆಸಬೇಕಾಯಿತು. ನಾರದ ದ್ವಾರಕೆಯ ಹದಿನಾರು ಸಾವಿರ ಮನೆಗಳಿಗೆ ಹೋಗಿ ಪ್ರತಿ ಮನೆಯಲ್ಲೂ ಕೃಷ್ಣನನ್ನು ಕಂಡು ಬೆರಗಾದದ್ದು ನಮಗೆ ಗೊತ್ತಿರುವ ಕಥೆ. ಇಲ್ಲಿ ನೋಡಿದರೆ ಅದರ ಏಳೆಂಟು ಪಟ್ಟು, ಬೆರಗಾಗಲು ಒಬ್ಬನೂ ಇಲ್ಲ, ಎಲ್ಲರಿಗೂ ತಮ್ಮ ಅಂಗಳವಷ್ಟೇ ಕಾಣುತ್ತಿತ್ತು.

ಇಷ್ಟೆಲ್ಲ ಸಾಧ್ಯವಾದ ಕಾಲದಲ್ಲಿ ಶಂಖ ಮುಖಗಳ ಆ ಫೇಸ್‌ಬುಕ್ ಅವತಾರಕ್ಕೆ ಒಂದು ಸಣ್ಣ ಊನವಿತ್ತು. ಅದಕ್ಕೆ ಕಾಲಿರಲಿಲ್ಲ. ಸೊಂಟದಿಂದ ಮೇಲೆ ಮಾತ್ರ ಇದ್ದ ದೇಹಗಳು ಗಾಳಿಯಲ್ಲಿ ತೇಲುತ್ತ ಮೀಟಿಂಗು ನಡೆಸುತ್ತಿದ್ದವು. 2022ರ ಅಕ್ಟೋಬರಿನಲ್ಲಿ ಮಾರ್ಕ್ ಜುಕರ್‌ಬರ್ಗ್ ತಮ್ಮ ಅವತಾರಕ್ಕೆ ಕಾಲು ಹಚ್ಚಿ ಕುಣಿದು ತೋರಿಸಿದರು. ಅದು ಹೆಡ್‌ಸೆಟ್ಟಿನ ಕೆಲಸವಲ್ಲ, ಬೇರೆ ಉಪಕರಣದಲ್ಲಿ ಚಲನೆ ಹಿಡಿದು ಮಾಡಿದ ಅನಿಮೇಷನ್ ಎಂದು ಕಂಪನಿ ಆಮೇಲೆ ಒಪ್ಪಿಕೊಂಡಿತು. ಆ ವರ್ಷ ಹೆಡ್‌ಸೆಟ್, ಅವತಾರಗಳನ್ನು ನೋಡಿಕೊಳ್ಳುವ ಮೆಟಾದ ವಿಭಾಗ ಕಳೆದುಕೊಂಡ ಹಣ 1,370 ಕೋಟಿ ಡಾಲರ್, ರೂಪಾಯಿಯಲ್ಲಿ ಲಕ್ಷ ಕೋಟಿ ಮೀರಿದ್ದು. ಎಲ್ಲವೂ ಅವತಾರಕ್ಕೇ ಹೋಯಿತೆಂದಲ್ಲ, ಆದರೆ ಅಷ್ಟು ಸುರಿದರೂ ಕಾಲು ಸಾಮಾನ್ಯರ ಕೈಗೆ, ಕಾಲಿಗೆ ಎನ್ನಬೇಕೇನೋ, ಬಂದದ್ದು 2023ರಲ್ಲಿ.

ಕಾಲು ಯಾಕಿಷ್ಟು ಕಷ್ಟ? ಯಂತ್ರಕ್ಕೆ ಅದು ಕಾಣುವುದಿಲ್ಲ, ಅದಕ್ಕೇ. ಹೆಡ್‌ಸೆಟ್ ಇರುವುದು ತಲೆಯ ಮೇಲೆ, ಕೈಯಲ್ಲಿ ಎರಡು ಹಿಡಿಕೆ. ಯಂತ್ರಕ್ಕೆ ಖಚಿತವಾಗಿ ಗೊತ್ತಿರುವುದು ಈ ಮೂರು ಬಿಂದುಗಳು ಎಲ್ಲಿವೆ ಎಂಬುದಷ್ಟೇ, ಮಿಕ್ಕ ಮೈಯೆಲ್ಲ ಊಹೆ. ಒಂದೊಂದು ಬಿಂದುವಿಗೂ ಆರು ಅಂಕಿ. ಎಡಬಲ, ಮೇಲೆ ಕೆಳಗೆ, ಹಿಂದೆ ಮುಂದೆ ಎಂದು ಮೂರು, ಯಾವ ಕಡೆ ತಿರುಗಿದೆ, ಬಾಗಿದೆ, ವಾಲಿದೆ ಎಂದು ಇನ್ನು ಮೂರು. ಮೂರು ಬಿಂದುಗಳಿಗೆ ಒಟ್ಟು 18. ಶಂಖ ಮುಖ ಮಾಡಲು ಬೇಕಾದದ್ದು ಹದಿನೆಂಟು ಆಯ್ಕೆ, ಆ ಮುಖದ ಹಿಂದಿರುವವನನ್ನು ಅಲುಗಾಡಿಸಲು ಬೇಕಾದದ್ದೂ ಹದಿನೆಂಟೇ ಅಂಕಿ.

ಈ ಹದಿನೆಂಟನ್ನು ಯಂತ್ರ ಸೆಕೆಂಡಿಗೆ 90 ಸಲ ಬರೆದುಕೊಳ್ಳುತ್ತದೆ. ಸೆಕೆಂಡಿಗೆ 1,620 ಅಂಕಿ. ಇಪ್ಪತ್ತು ನಿಮಿಷ ಆಡಿದರೆ 19,44,000. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2018ರಲ್ಲೇ ಈ ಗುಣಾಕಾರ ಮಾಡಿ, ಇಪ್ಪತ್ತು ನಿಮಿಷಕ್ಕೆ ಸುಮಾರು ಇಪ್ಪತ್ತು ಲಕ್ಷ ಗುರುತುಗಳನ್ನು ಮೈ ಬಿಟ್ಟುಹೋಗುತ್ತದೆ ಎಂದು ಎಚ್ಚರಿಸಿದ್ದರು. ಆಗ ಅದು ಬರೀ ಗುಣಾಕಾರವಾಗಿ ಕಂಡಿತ್ತು. ಅದರಿಂದ ಏನಾಗುತ್ತದೆ ಎಂದು ತೋರಿಸಿದ್ದು 2023ರ ಇನ್ನೊಂದು ಅಧ್ಯಯನ. ಬೀಟ್ ಸೇಬರ್ ಎಂಬ ಆಟವಿದೆ. ಹಾಡಿನ ತಾಳಕ್ಕೆ ಎದುರಿಂದ ಘನಗಳು ತೂರಿ ಬರುತ್ತವೆ, ಎರಡು ಕೈಯ ಬೆಳಕಿನ ಕತ್ತಿಗಳಿಂದ ಕಡಿಯಬೇಕು. ಆಡಿದವರ ತಲೆ, ಕೈಗಳ ಚಲನೆ ದಾಖಲಾಗಿರುತ್ತದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಸಂಗಡಿಗರು 55,541 ಆಟಗಾರರ ದಾಖಲೆ ತೆಗೆದುಕೊಂಡು, ತಲೆಗೆ ಐದೈದು ನಿಮಿಷದ ಚಲನೆಯನ್ನು ಕಂಪ್ಯೂಟರಿಗೆ ಕಲಿಸಿದರು. ಆಮೇಲೆ ಹೆಸರಿಲ್ಲದ, ಮುಖವಿಲ್ಲದ, ದನಿಯಿಲ್ಲದ ಬೇರೆ ತುಣುಕುಗಳನ್ನು ಕೊಟ್ಟು ಇದು ಯಾರದು ಎಂದು ಕೇಳಿದರು. ನೂರು ಸೆಕೆಂಡಿನ ತುಣುಕಿಗೆ ಉತ್ತರ ಸರಿಯಾದದ್ದು ನೂರಕ್ಕೆ 94.33 ಸಲ. ಬರೀ ಹತ್ತು ಸೆಕೆಂಡು ಕೊಟ್ಟರೂ 73.20.

ಐವತ್ತೈದು ಸಾವಿರವೆಂದರೆ ಹೆಚ್ಚುಕಡಿಮೆ ದಕ್ಷಿಣ ಕನ್ನಡದ ಪುತ್ತೂರು ಪಟ್ಟಣದಷ್ಟು ಜನ. ಅಷ್ಟರಲ್ಲಿ ಒಬ್ಬನನ್ನು, ಅವನು ಕೈ ಬೀಸಿದ ಧಾಟಿಯಿಂದ, ಹತ್ತು ಸೆಕೆಂಡಿನಲ್ಲಿ. ಪುತ್ತೂರಿನ ಸೀಮೆಯವರಿಗೆ ಈ ವಿದ್ಯೆ ತೀರಾ ಹೊಸದಲ್ಲ. ಮುಖದ ಮೇಲೆ ಬೆರಳುದ್ದ ಬಣ್ಣ, ತಲೆಯ ಮೇಲೆ ಕಿರೀಟ ಹೊತ್ತು ಬಣ್ಣದ ವೇಷ ರಂಗಸ್ಥಳಕ್ಕೆ ಬಂದಾಗ, ಹೆಜ್ಜೆ ಬಿದ್ದ ಕೂಡಲೇ ಒಳಗಿರುವ ಕಲಾವಿದ ಯಾರೆಂದು ಹಳೆಯ ಯಕ್ಷಗಾನ ಪ್ರೇಕ್ಷಕ ಹೇಳಿಬಿಡುತ್ತಾನೆ. ಆದರೆ ಅವನಿಗೆ ಗೊತ್ತಿರುವುದು ಹೆಚ್ಚೆಂದರೆ ಒಂದೆರಡು ನೂರು ಕಲಾವಿದರ ಹೆಜ್ಜೆ, ಅದನ್ನು ಕಲಿಯಲು ಅವನು ನಿದ್ದೆಗೆಟ್ಟ ರಾತ್ರಿಗಳು ಅದೆಷ್ಟೋ. ಯಂತ್ರಕ್ಕೆ ಸಾಕಾದದ್ದು ತಲೆಗೆ ಐದು ನಿಮಿಷ.

ಹೆಡ್‌ಸೆಟ್ ಇಲ್ಲದವರಿಗೆ ಇದು ದೂರದ ಮಾತೆನಿಸಬಹುದು. ಆದರೆ ಫೋನೂ ಇದನ್ನೇ ಮಾಡುತ್ತದೆ. 2017ರಲ್ಲಿ ಬಂದ ಐಫೋನ್ ಎಕ್ಸ್ ಮುಖದ ಮೇಲೆ ಕಣ್ಣಿಗೆ ಕಾಣದ 30,000ಕ್ಕೂ ಹೆಚ್ಚು ಬೆಳಕಿನ ಚುಕ್ಕಿಗಳನ್ನು ಚೆಲ್ಲಿ ಅದರ ಏರುತಗ್ಗು ಅಳೆಯುತ್ತಿತ್ತು. ಅದರ ಪರದೆಯಲ್ಲಿ ಅವತಾರವಾಗಿ ಬರುವ ನರಿ, ಕೋಳಿ, ಪಾಂಡಾಗಳು ನಿಮ್ಮಂತೆಯೇ ಹುಬ್ಬೇರಿಸಲು 50ಕ್ಕೂ ಹೆಚ್ಚು ಸ್ನಾಯು ಚಲನೆಗಳನ್ನು ಅದು ಹಿಂಬಾಲಿಸುತ್ತಿತ್ತು. ನರಿಯ ಮುಖ ಆರಿಸಿಕೊಂಡವರು ತಮ್ಮ ಮುಖ ಮರೆಯಾಯಿತೆಂದುಕೊಂಡರು. ಮರೆಯಾದದ್ದು ಎದುರಿಗಿದ್ದ ಗೆಳೆಯನಿಗೆ. ನರಿ ನಗಬೇಕಾದರೆ ಮೊದಲು ನೀವು ನಕ್ಕದ್ದನ್ನು ಫೋನು ಅಳೆಯಲೇಬೇಕು.

ಇಲ್ಲಿಗೆ ಒಂದು ತೀರ್ಪು ಹೇಳಬಹುದು. ಅವತಾರ ಮಾಡಿಕೊಡುವವರು ನಮಗೆ ಎಣಿಸಿ ತೋರಿಸುವುದು ಮುಖಗಳನ್ನು, ತಾವು ಎಣಿಸಿಕೊಳ್ಳುವುದು ಚಲನೆಯನ್ನು. ಮೊದಲನೆಯ ಲೆಕ್ಕ ಎಷ್ಟು ಶಂಖವಾದರೂ ಎರಡನೆಯದರ ಮುಂದೆ ಅದು ಮರೆಯಾಗಿ ಕೆಲಸಕ್ಕೆ ಬರುವುದಿಲ್ಲ. ಹೆಸರು ಬದಲಿಸಬಹುದು, ಮೈಬಣ್ಣ ಬದಲಿಸಬಹುದು, ಬೇಕಾದರೆ ಕಾಲನ್ನೂ ತೆಗೆದಿಡಬಹುದು. ಹದಿನೆಂಟು ಅಂಕಿಗಳನ್ನು ಮಾತ್ರ ತಡೆಹಿಡಿಯುವಂತಿಲ್ಲ. ನಾಲ್ಕು ಜನರೊಡನೆ ಆಡುವಾಗ ಅವು ಕಂಪನಿಯ ಕಂಪ್ಯೂಟರಿಗೆ ಮಾತ್ರವಲ್ಲ, ಜೊತೆಗಾರರ ಯಂತ್ರಗಳಿಗೂ ತಲುಪಬೇಕು, ಇಲ್ಲವಾದರೆ ಅವರ ಕಣ್ಣಿಗೆ ನಿಮ್ಮ ಬೊಂಬೆ ಕದಲುವುದೇ ಇಲ್ಲ.

ಈ ಆಟಗಳನ್ನು ಆಡುವವರಲ್ಲಿ ದೊಡ್ಡ ಪಾಲು ಮಕ್ಕಳದು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ, ಅವರ ವರ್ತನೆಯನ್ನು ಹಿಂಬಾಲಿಸಿ ನಿಗಾ ಇಡುವುದನ್ನು ನಿಷೇಧಿಸುತ್ತದೆ. ಮಗ ಅಥವಾ ಮಗಳಿಗೆ ಹೆಡ್‌ಸೆಟ್ ಕೊಡಿಸುವವರು ಕೂದಲಿನ ಬಣ್ಣ ಆರಿಸುವ ಪರದೆಗೆ ಹೋಗುವ ಮೊದಲು ಒಪ್ಪಿಗೆ ಕೇಳುವ ಪರದೆಯನ್ನು ಪೂರ್ತಿ ಓದಿ. ತಲೆ, ಕೈಗಳ ಚಲನೆಯ ದಾಖಲೆ ಯಾರ ಬಳಿ ಉಳಿಯುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂದು ಅಲ್ಲಿ ಬರೆದಿಲ್ಲವಾದರೆ ಕಂಪನಿಗೆ ಬರೆದು ಕೇಳಿ.